ಮೈಸೂರು ಮಹಾರಾಜರು ಕೇಳಬಯಸಿದ ಕಂಠ: ಕಿರ್ಸ್ಟನ್ ಫ್ಲಾಗ್‌ಸ್ಟಾಡ್

ಸ್ತ್ರೀಯರ ಎತ್ತರದ ಕಂಠಕ್ಕೆ ಸೊಪ್ರಾನೊ ಎನ್ನುತ್ತಾರೆಂಬುದು ನಮ್ಮ ಚರ್ಚುಗಳ ಗಾಯನ ಮಂಡಳಿಯವರಿಗೆ ಗೊತ್ತಿದ್ದದ್ದೇ. ಕಳೆದ ಶತಮಾನದ ಮಹಾನ್ ಸೊಪ್ರಾನೊ ಗಾಯಕಿಯರಲ್ಲಿ ಒಬ್ಬರಾದ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವರನ್ನು ಈ ಬಾರಿ ನೆನೆಯುತ್ತಿದ್ದೇವೆ.

ಕಿರ್ಸ್ಟನ್ 1895ರ ಜುಲೈ 12ರಂದು ನಾರ್ವೆಯ ಹಾಮಾರ್ ಎಂಬಲ್ಲಿ ಸಂಗೀತಗಾರರ ಮನೆಯಲ್ಲಿ ಜನಿಸಿದರು. 1913ರಲ್ಲಿ ರಂಗವೇರಿದರೂ ಇಪ್ಪತ್ತು ವರ್ಷ ಅವರ ಹೆಸರು ಸ್ಕ್ಯಾಂಡಿನೇವಿಯಾ ದಾಟಲಿಲ್ಲ. 1935ರ ಫೆಬ್ರವರಿ 2ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಹಾಡಿದಾಗ ಅವರಿಗೆ ಮೂವತ್ತೊಂಬತ್ತು ವರ್ಷ. ಆ ಒಂದೇ ದಿನದಲ್ಲಿ ಅವರು ಜಗತ್ಪ್ರಸಿದ್ಧರಾದರು.

ಕಷ್ಟ ಬಂದದ್ದು ಯುದ್ಧದ ಸಮಯದಲ್ಲಿ. ಜರ್ಮನ್ನರ ವಶವಾಗಿದ್ದ ನಾರ್ವೆಗೆ, ಪತಿ ಹೆನ್ರಿ ಯೊಹಾನ್ಸನ್ ಅವರ ಬಳಿಗೆ, 1941ರಲ್ಲಿ ಅವರು ಮರಳಿದರು. ಮರದ ವ್ಯಾಪಾರಿಯಾಗಿದ್ದ ಪತಿ ಕ್ವಿಸ್ಲಿಂಗ್‌ನ ಪಕ್ಷದ ಸದಸ್ಯರಾಗಿದ್ದರು. ಯುದ್ಧ ಮುಗಿದ ಮೇಲೆ ಬಂಧಿತರಾದ ಅವರು ವಿಚಾರಣೆಗೆ ಮೊದಲೇ 1946ರಲ್ಲಿ ತೀರಿಕೊಂಡರು. ಕಿರ್ಸ್ಟನ್ ಯುದ್ಧಕಾಲದಲ್ಲಿ ಹೊರಗೆ ಹಾಡಿದ್ದು ಸ್ವೀಡನ್, ಸ್ವಿಟ್ಜರ್ಲೆಂಡ್ ದೇಶಗಳಲ್ಲಿ ಮಾತ್ರ, ಜರ್ಮನಿಯಲ್ಲಿ ಹಾಡಲಿಲ್ಲ. ಆದರೂ ಅಮೆರಿಕದಲ್ಲಿ ಅವರ ಕಛೇರಿಗಳ ಎದುರು ಪ್ರತಿಭಟನೆಗಳು ನಡೆದವು. ಗಂಡನ ತಪ್ಪಿನ ಲೆಕ್ಕವನ್ನು ಹೆಂಡತಿಯಿಂದ ಕೇಳಿದರು ಎಂದೇ ನಮಗೆ ತೋರುತ್ತದೆ.

ಇಂತಹ ದಿನಗಳಲ್ಲೇ ಜರ್ಮನಿಯ ವೃದ್ಧ ಸಂಗೀತ ರಚನಕಾರ ರಿಚರ್ಡ್ ಸ್ಟ್ರೌಸ್ ತಮ್ಮ ಕೊನೆಯ ಗೀತೆಗಳನ್ನು ಇವರೇ ಮೊದಲು ಹಾಡಬೇಕೆಂದು ಬಯಸಿದರು. ಸೊಪ್ರಾನೊ ಮತ್ತು ವಾದ್ಯವೃಂದಕ್ಕಾಗಿ 1948ರಲ್ಲಿ ಬರೆದ, ಮುಂದೆ ನಾಲ್ಕು ಕೊನೆಯ ಗೀತೆಗಳು ಎಂದು ಹೆಸರಾದ ಅವು ಸಾವನ್ನು ಸಮಾಧಾನದಿಂದ ಎದುರುನೋಡುವ ಹಾಡುಗಳು. ಸ್ಟ್ರೌಸ್ 1949ರ ಸೆಪ್ಟೆಂಬರಿನಲ್ಲಿ ನಿಧನರಾದರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಕಿರ್ಸ್ಟನ್ ಅವುಗಳನ್ನು ಹಾಡಿದರು. ಆ ಕಛೇರಿಗೆ ಹಣದ ಭರವಸೆ ಕೊಟ್ಟವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್! ಪಾಶ್ಚಾತ್ಯ ಸಂಗೀತದ ಸಾವಿರಾರು ರೆಕಾರ್ಡುಗಳನ್ನು ಸಂಗ್ರಹಿಸಿದ್ದ ಅವರಿಗೆ ಹೋಗಲಾಗಲಿಲ್ಲ. ಆದ್ದರಿಂದ ಅವರು ಕೇಳಲೆಂದು ಧ್ವನಿಮುದ್ರಣ ಮಾಡಲಾಯಿತು.

ಅದು ಕರಕರ ಸದ್ದಿನ ಮುದ್ರಣ. ನಂತರ ಬಂದವುಗಳ ಜೊತೆ ಹೋಲಿಸಿದರೆ ಕೊರತೆ ಕಾಣುತ್ತದೆ. 1951ರಲ್ಲಿ ಸ್ಟಾಕ್‌ಹೋಮಿನಲ್ಲಿ ಹಾಡಿದ ಸೆನಾ ಯುರಿನಾಚ್ ಅವರದು ಬೆಚ್ಚಗಿನ, ತುಂಬು ಕಂಠ. 1953ರ ಲಿಸಾ ಡೆಲ್ಲಾ ಕಾಸಾ ಬೆಳ್ಳಿಯಂತೆ ಹಗುರ. ಎಲಿಜಬೆತ್ ಶ್ವಾರ್ಜ್‌ಕೋಫ್ 1953ರಲ್ಲೂ 1965ರಲ್ಲೂ ಮುದ್ರಿಸಿದರು. ಒಂದೊಂದು ಪದಕ್ಕೂ ಬಣ್ಣ ಕೊಡುವುದರಲ್ಲಿ ಅವರನ್ನು ಮೀರಿಸುವುದು ಕಷ್ಟ. ಕಿರ್ಸ್ಟನ್ ಅವರಿಗೆ ಆಗ ಐವತ್ತೈದು ತುಂಬುತ್ತಿತ್ತು. ವಸಂತದ ಕುರಿತ ಗೀತೆಯ ಎತ್ತರದ ಸ್ವರಗಳು ಅವರಿಗೆ ಸುಲಭವಾಗಿರಲಿಲ್ಲ. 1952ರಲ್ಲಿ ಒಂದು ಒಪೆರಾ ಮುದ್ರಿಸುವಾಗ ಅವರ ಅತಿ ಎತ್ತರದ ಎರಡು ಸ್ವರಗಳನ್ನು ಅವರ ಬದಲಿಗೆ ಹಾಡಿಕೊಟ್ಟವರು ಇದೇ ಶ್ವಾರ್ಜ್‌ಕೋಫ್. (ಶ್ವಾರ್ಜ್‌ಕೋಫ್ ಸ್ವತಃ ನಾಜಿ ಪಕ್ಷದ ಸದಸ್ಯೆಯಾಗಿದ್ದವರು ಎಂಬುದನ್ನೂ ಇಲ್ಲಿ ಹೇಳಬೇಕು.)

ಆದರೆ ಮುಸ್ಸಂಜೆಯ ಕುರಿತ ಗೀತೆಯಲ್ಲಿ ನಾವು ಮತ್ತೆ ಮತ್ತೆ ಮರಳುವುದು ಕಿರ್ಸ್ಟನ್ ಅವರ ಬಳಿಗೆ. ಅಲ್ಲಿ ಎತ್ತರ ಬೇಕಿಲ್ಲ. ಉದ್ದನೆಯ ಉಸಿರು ಬೇಕು, ಅವಸರವಿಲ್ಲದ ಭಾರ ಬೇಕು. ಉಳಿದವರು ಆ ಸಂಜೆಯನ್ನು ಚೆಂದವಾಗಿ ವರ್ಣಿಸುತ್ತಾರೆ. ಇವರು ದಣಿದು ಮನೆ ಸೇರಿದವರಂತೆ ಹಾಡುತ್ತಾರೆ. ಪ್ರಾಯವಾದ ಸೊಪ್ರಾನೊಗಳನ್ನು ಸದ್ದಿಲ್ಲದೆ ಹಿಂದಿನ ಬೆಂಚಿಗೆ ಕಳುಹಿಸುವ ಗಾಯನ ಮಂಡಳಿಗಳು ಇದನ್ನೊಮ್ಮೆ ಕೇಳಬೇಕು.

ರಂಗದಿಂದ ನಿವೃತ್ತರಾದ ಬಳಿಕ ಕಿರ್ಸ್ಟನ್ ಏಡ್ರಿಯನ್ ಬೋಲ್ಟ್ ನಿರ್ದೇಶನದಲ್ಲಿ ಭಕ್ತಿಗೀತೆಗಳನ್ನೂ ಮುದ್ರಿಸಿದರು. 1958ರಲ್ಲಿ ನಾರ್ವೆಯ ರಾಷ್ಟ್ರೀಯ ಒಪೆರಾದ ಮೊದಲ ನಿರ್ದೇಶಕಿಯಾದರು. 1962ರ ಡಿಸೆಂಬರ್ 7ರಂದು ಓಸ್ಲೋದಲ್ಲಿ ನಿಧನ ಹೊಂದಿದರು. 1997ರಲ್ಲಿ ನಾರ್ವೆ ಹೊರತಂದ 100 ಕ್ರೋನರ್ ನೋಟಿನ ಮೇಲೆ ಅವರ ಮುಖವಿತ್ತು.