ಗಾಳಿಗೆ ಲೆಕ್ಕ ಹಾಕಿದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್

ಮಕ್ಕಳೇ, ಬೇಸಿಗೆಯ ಮಧ್ಯಾಹ್ನ ಎ.ಟಿ.ಎಂ. ಕೊಠಡಿಯ ಬಾಗಿಲು ತೆರೆದಾಗ ತಣ್ಣನೆಯ ಗಾಳಿ ಮುಖಕ್ಕೆ ತಾಗಿದ ಅನುಭವ ನಿಮಗೆ ಆಗಿರಬಹುದು. ನಮ್ಮ ಮನೆಯಲ್ಲೂ ಇಂಥದೊಂದು ಎ.ಸಿ. ಇದ್ದಿದ್ದರೆ ಎಂದು ಅನ್ನಿಸಿಯೂ ಇರಬಹುದು. ಅದಕ್ಕೆ ಎಷ್ಟು ಖರ್ಚಾಗುತ್ತದೆ? ಎಷ್ಟು ದೊಡ್ಡ ಯಂತ್ರ ಬೇಕು? ಇವಕ್ಕೆ ಊಹೆಯಿಂದ ಉತ್ತರ ಹೇಳಬಾರದು, ಲೆಕ್ಕ ಹಾಕಿ ಹೇಳಬೇಕು ಎಂದು ತೋರಿಸಿಕೊಟ್ಟವರು ಆಧುನಿಕ ಎ.ಸಿ.ಯನ್ನು ರೂಪಿಸಿದ ಎಂಜಿನಿಯರ್ ವಿಲ್ಲಿಸ್ ಹ್ಯಾವಿಲೆಂಡ್ ಕ್ಯಾರಿಯರ್. ಅವರ ಕಥೆಯನ್ನು ತಿಳಿಯೋಣ ಬನ್ನಿ.

ಸೇಬಿನ ಹೋಳುಗಳ ಪಾಠ

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಅಂಗೋಲಾ ಎಂಬ ಊರಿದೆ. ಅಲ್ಲಿನ ಒಂದು ರೈತ ಕುಟುಂಬದಲ್ಲಿ 1876ರ ನವೆಂಬರ್ 26ರಂದು ವಿಲ್ಲಿಸ್ ಹುಟ್ಟಿದ. ಶಾಲೆಯಲ್ಲಿ ಅವನಿಗೆ ಭಿನ್ನರಾಶಿ ಅರ್ಥವಾಗುತ್ತಿರಲಿಲ್ಲ. ಆಗ ಅವನ ತಾಯಿ ಸೇಬುಹಣ್ಣುಗಳನ್ನು ತರಿಸಿ, ಅರ್ಧ, ಕಾಲು, ಅರೆಕಾಲು ಎಂದು ಹೋಳು ಮಾಡಿ, ಕೂಡಿಸುವುದನ್ನೂ ಕಳೆಯುವುದನ್ನೂ ಕಲಿಸಿದರು. ಕೆಟ್ಟ ಗಡಿಯಾರ, ಹೊಲಿಗೆ ಯಂತ್ರಗಳನ್ನು ತಾವೇ ಬಿಚ್ಚಿ ಸರಿಪಡಿಸುತ್ತಿದ್ದ ತಾಯಿ ಅವರು. ವಿಲ್ಲಿಸ್‌ಗೆ 11 ವರ್ಷವಾಗಿದ್ದಾಗ ಅವರು ತೀರಿಕೊಂಡರು. ಆದರೆ ಸಮಸ್ಯೆಯನ್ನು ಬಿಡಿಸಿ ನೋಡುವ ಅಭ್ಯಾಸ ಮಗನಲ್ಲಿ ಉಳಿಯಿತು.

ಮನೆಯಲ್ಲಿ ಹಣವಿರಲಿಲ್ಲ. ವಿಲ್ಲಿಸ್ ಕೆಲಕಾಲ ಶಾಲೆಯಲ್ಲಿ ಪಾಠ ಹೇಳಿದರು. ವಿದ್ಯಾರ್ಥಿವೇತನ ಪಡೆದು, ಹುಲ್ಲು ಕತ್ತರಿಸುವಂಥ ಸಣ್ಣಪುಟ್ಟ ಕೆಲಸಗಳನ್ನೂ ಮಾಡುತ್ತಾ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದಿದರು. 1901ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದು ಬಫಲೋ ಫೋರ್ಜ್ ಎಂಬ ಕಂಪನಿಯನ್ನು ಸೇರಿದರು.

ಹಿಗ್ಗುವ ಕಾಗದ

ಮರುವರ್ಷ ಅವರ ಮುಂದೆ ಒಂದು ವಿಚಿತ್ರ ಸಮಸ್ಯೆ ಬಂತು. ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿದ್ದ ಒಂದು ಮುದ್ರಣಾಲಯದಲ್ಲಿ ಬಣ್ಣದ ಚಿತ್ರಗಳನ್ನು ಅಚ್ಚು ಹಾಕುತ್ತಿದ್ದರು. ಒಂದು ಬಣ್ಣ ಒಣಗಿದ ಮೇಲೆ ಅದೇ ಕಾಗದದ ಮೇಲೆ ಇನ್ನೊಂದು ಬಣ್ಣ. ಗಾಳಿಯಲ್ಲಿ ತೇವ ಹೆಚ್ಚಾದರೆ ಕಾಗದ ಹಿಗ್ಗುತ್ತಿತ್ತು, ತೇವ ಕಡಿಮೆಯಾದರೆ ಕುಗ್ಗುತ್ತಿತ್ತು. ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಕಾಗದವೂ ಹಾಳು, ಹಣವೂ ಹಾಳು.

ಕ್ಯಾರಿಯರ್ ಮೊದಲು ಕೈಗೆತ್ತಿಕೊಂಡದ್ದು ಪೆನ್ಸಿಲ್ ಮತ್ತು ಹವಾಮಾನದ ಕೋಷ್ಟಕಗಳನ್ನು. ತಣ್ಣನೆಯ ಗಾಳಿ ಬಿಸಿ ಗಾಳಿಯಷ್ಟು ನೀರಾವಿಯನ್ನು ಹಿಡಿದಿಟ್ಟುಕೊಳ್ಳಲಾರದು. ಹಾಗಾದರೆ ತಣ್ಣೀರು ಹರಿಯುವ ಕೊಳವೆಗಳ ಮೇಲೆ ಗಾಳಿಯನ್ನು ಹಾಯಿಸಿದರೆ, ಹೆಚ್ಚಿನ ನೀರಾವಿ ಹನಿಯಾಗಿ ಇಳಿದುಹೋಗಬೇಕಲ್ಲವೆ? ಕೊಳವೆ ಎಷ್ಟು ತಣ್ಣಗಿರಬೇಕು, ಗಾಳಿ ಎಷ್ಟು ವೇಗವಾಗಿ ಹಾಯಬೇಕು ಎಂದು ಅವರು ಲೆಕ್ಕ ಹಾಕಿದರು. 1902ರ ಜುಲೈ 17ರ ದಿನಾಂಕವುಳ್ಳ ಅವರ ನಕ್ಷೆಗಳೇ ಆಧುನಿಕ ಹವಾನಿಯಂತ್ರಣದ ಆರಂಭ ಎನಿಸಿಕೊಂಡಿವೆ. ಆಗ ಅವರಿಗೆ 25 ವರ್ಷ. ಗಮನಿಸಿ, ಈ ಯಂತ್ರ ಹುಟ್ಟಿದ್ದು ಮನುಷ್ಯರಿಗಾಗಿ ಅಲ್ಲ, ಕಾಗದಕ್ಕಾಗಿ!

1906ರಲ್ಲಿ ಅವರ ಸುಧಾರಿತ ಉಪಕರಣಕ್ಕೆ ಪೇಟೆಂಟ್ ದೊರೆಯಿತು. 1911ರಲ್ಲಿ ಗಾಳಿಯ ಉಷ್ಣತೆ ಮತ್ತು ತೇವಾಂಶಗಳ ಸಂಬಂಧವನ್ನು ಸೂತ್ರಗಳಲ್ಲಿ ಬರೆದು ಎಂಜಿನಿಯರುಗಳ ಸಭೆಯ ಮುಂದಿಟ್ಟರು. 1915ರಲ್ಲಿ ಆರು ಮಂದಿ ಗೆಳೆಯರೊಡನೆ ಸ್ವಂತ ಕಂಪನಿ ತೆರೆದರು.

ಟನ್ ಎಂದರೇನು?

ಅಂಗಡಿಯಲ್ಲಿ ಒಂದು ಟನ್, ಒಂದೂವರೆ ಟನ್ ಎ.ಸಿ. ಎನ್ನುವುದನ್ನು ಕೇಳಿದ್ದೀರಾ? ಅದು ಯಂತ್ರದ ತೂಕವಲ್ಲ. ಹಿಂದೆ ತಂಪು ಮಾಡಲು ಮಂಜುಗಡ್ಡೆಯನ್ನೇ ಬಳಸುತ್ತಿದ್ದರು. ಒಂದು ಅಮೆರಿಕನ್ ಟನ್, ಎಂದರೆ ಸುಮಾರು 907 ಕಿಲೋ ಮಂಜುಗಡ್ಡೆ, 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖವನ್ನು ಹೀರುತ್ತದೆಯೋ ಅಷ್ಟು ಶಾಖವನ್ನು ಹೊರಹಾಕುವ ಯಂತ್ರ ಒಂದು ಟನ್ನಿನದು. ಕ್ಯಾರಿಯರ್ ಅವರ ಮುದ್ರಣಾಲಯದ ವ್ಯವಸ್ಥೆ ಈ ಲೆಕ್ಕದಲ್ಲಿ 54 ಟನ್ನಿನದಾಗಿತ್ತು.

ಮನೆಗೆ ಬರಲು ಹಿಡಿದ ಕಾಲ

ಇಷ್ಟು ದೊಡ್ಡ ಯಂತ್ರ ಮನೆಗೆ ಹೊಂದುವುದುಂಟೆ? 1914ರಲ್ಲಿ ಮಿನಿಯಾಪೊಲಿಸ್ ನಗರದ ಒಬ್ಬ ಸಿರಿವಂತರ ಬಂಗಲೆಗೆ ಎ.ಸಿ. ಅಳವಡಿಸಿದರು. ಅದು ಸುಮಾರು 20 ಅಡಿ ಉದ್ದ, 6 ಅಡಿ ಅಗಲ, 7 ಅಡಿ ಎತ್ತರವಿತ್ತು. ಅದೇ ಒಂದು ಕೋಣೆಯಷ್ಟು! ಬಂಗಲೆ ಕಟ್ಟಿಸಿದವರು ಅದಕ್ಕೆ ಮೊದಲೇ ತೀರಿಕೊಂಡಿದ್ದರು.

ಸಾಮಾನ್ಯ ಜನರಿಗೆ ತಂಪು ಮೊದಲು ಸಿಕ್ಕಿದ್ದು ಮನೆಯಲ್ಲಲ್ಲ, ಸಿನಿಮಾ ಮಂದಿರದಲ್ಲಿ. 1922ರಲ್ಲಿ ಕ್ಯಾರಿಯರ್ ಹೊಸ ಬಗೆಯ ತಂಪು ಯಂತ್ರವನ್ನು ಪ್ರದರ್ಶಿಸಿದರು. ಅದು ಹಳೆಯದಕ್ಕಿಂತ ಚಿಕ್ಕದು. ಹಳೆಯ ಯಂತ್ರಗಳಲ್ಲಿ ಬಳಸುತ್ತಿದ್ದ ವಿಷಕಾರಿ ಅಮೋನಿಯಾ ಅನಿಲ ಅದರಲ್ಲಿ ಇರಲಿಲ್ಲ. 1925ರಲ್ಲಿ ಅದನ್ನು ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರದಲ್ಲಿ ಅಳವಡಿಸಿದರು. ಮೊದಲ ದಿನ ಯಂತ್ರ ಚಾಲೂ ಆಗುವುದು ತಡವಾಯಿತು. ಬೀಸಣಿಗೆ ಹಿಡಿದು ಬಂದ ಜನ ಬೀಸಿಕೊಳ್ಳುತ್ತಲೇ ಕುಳಿತಿದ್ದರು. ಕ್ಯಾರಿಯರ್ ಆತಂಕದಿಂದ ನೋಡುತ್ತಿದ್ದರು. ಮೆಲ್ಲಮೆಲ್ಲನೆ ಒಂದೊಂದೇ ಬೀಸಣಿಗೆ ನಿಂತಿತು. ಒಬ್ಬರೇ ಕೊಳ್ಳಲಾಗದ ಯಂತ್ರದ ಖರ್ಚನ್ನು ಸಾವಿರಾರು ಜನ ಟಿಕೆಟ್ ಮೂಲಕ ಹಂಚಿಕೊಂಡಂತಾಯಿತು.

1928ರಲ್ಲಿ ಅವರ ಕಂಪನಿ ಮನೆಗಳಿಗೆಂದೇ ಒಂದು ಯಂತ್ರವನ್ನು ಹೊರತಂದಿತು. ಆದರೆ 1929ರಲ್ಲಿ ಅಮೆರಿಕದಲ್ಲಿ ಆರ್ಥಿಕ ಕುಸಿತ ಆರಂಭವಾಯಿತು. ಕೆಲಸ ಕಳೆದುಕೊಂಡ ಜನ ಎ.ಸಿ. ಕೊಳ್ಳುವುದು ಹೇಗೆ? ಎರಡನೇ ಮಹಾಯುದ್ಧ ಮುಗಿದ ಮೇಲಷ್ಟೇ ಕಿಟಕಿಯಲ್ಲಿ ಕೂರಿಸುವ ಅಗ್ಗದ ಯಂತ್ರಗಳು ಬಂದವು. 1947ರಲ್ಲಿ ಅಮೆರಿಕದಲ್ಲಿ ಸುಮಾರು 43 ಸಾವಿರ ಮಾರಾಟವಾದವು. ಎ.ಸಿ. ಮನೆಮನೆಗೆ ಹರಡುವುದನ್ನು ಪೂರ್ತಿ ನೋಡಲು ಕ್ಯಾರಿಯರ್ ಉಳಿಯಲಿಲ್ಲ. 1950ರ ಅಕ್ಟೋಬರ್ 7ರಂದು ಅವರು ನಿಧನರಾದರು.

ಆಯ್ಕೆಗೂ ಲೆಕ್ಕ ಬೇಕು

ಈಗ ನಮ್ಮ ಪ್ರಶ್ನೆಗೆ ಬರೋಣ. ದೊಡ್ಡ ಎ.ಸಿ. ಕೊಂಡರೆ ಒಳ್ಳೆಯದು ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಚಿಕ್ಕ ಕೋಣೆಗೆ ತೀರಾ ದೊಡ್ಡ ಯಂತ್ರ ಹಾಕಿದರೆ ಕೋಣೆ ಬೇಗ ತಂಪಾಗಿ ಯಂತ್ರ ನಿಂತುಬಿಡುತ್ತದೆ. ತೇವವನ್ನು ಇಳಿಸಲು ಸಮಯವೇ ಸಿಗುವುದಿಲ್ಲ. ಕೋಣೆ ತಂಪಾಗಿದ್ದರೂ ಮೈ ಜಿಗುಟು ಜಿಗುಟಾಗುತ್ತದೆ. ತೀರಾ ಚಿಕ್ಕದಾದರೆ ಬಿಡುವಿಲ್ಲದೆ ಓಡಿಯೂ ತಂಪು ಸಾಲದು. ಆದ್ದರಿಂದ ಕೋಣೆಯ ಅಳತೆ, ಬಿಸಿಲು ಬೀಳುವ ಗೋಡೆ, ಕಿಟಕಿಗಳು, ಮೇಲಿನ ಛಾವಣಿ, ಕೋಣೆಯಲ್ಲಿರುವ ಜನ ಇವೆಲ್ಲವನ್ನೂ ನೋಡಿ ಟನ್ ನಿರ್ಧರಿಸಬೇಕು.

ಬೆಲೆಯಲ್ಲೂ ಹಾಗೆಯೇ. ಯಂತ್ರದ ಬೆಲೆ ಖರ್ಚಿನ ಒಂದು ಭಾಗ ಮಾತ್ರ. ತಾಮ್ರದ ಕೊಳವೆ, ಪ್ರತ್ಯೇಕ ವಿದ್ಯುತ್ ತಂತಿ, ಅಳವಡಿಸುವ ಕೂಲಿ ಎರಡನೆಯ ಭಾಗ. ಪ್ರತಿ ತಿಂಗಳ ವಿದ್ಯುತ್ ಬಿಲ್ಲು ಮೂರನೆಯ ಭಾಗ. ನಮ್ಮ ದೇಶದಲ್ಲಿ ಎ.ಸಿ.ಗಳ ಮೇಲೆ 1ರಿಂದ 5 ನಕ್ಷತ್ರಗಳ ಗುರುತಿನ ಚೀಟಿ ಅಂಟಿಸಿರುತ್ತಾರೆ. ಒಂದೇ ಅಳತೆಯ ಯಂತ್ರಗಳಲ್ಲಿ ನಕ್ಷತ್ರ ಹೆಚ್ಚಿದ್ದಷ್ಟೂ ವಿದ್ಯುತ್ ಕಡಿಮೆ ಸಾಕು.

ಒಂದು ಎ.ಸಿ. 1.5 ಕಿಲೋವಾಟ್ ಶಕ್ತಿಯನ್ನು ಬಳಸುತ್ತಾ ದಿನಕ್ಕೆ 6 ಗಂಟೆ ಓಡುತ್ತದೆ ಎನ್ನೋಣ. ದಿನಕ್ಕೆ 9 ಯೂನಿಟ್, 30 ದಿನಕ್ಕೆ 270 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಎಂದುಕೊಂಡರೆ 1,890 ರೂಪಾಯಿ. 75 ವಾಟ್‌ನ ಫ್ಯಾನು ಅಷ್ಟೇ ಹೊತ್ತು ತಿರುಗಿದರೆ 13.5 ಯೂನಿಟ್, ಸುಮಾರು 95 ರೂಪಾಯಿ. ಇಪ್ಪತ್ತು ಫ್ಯಾನುಗಳ ಖರ್ಚು ಒಂದೇ ಎ.ಸಿ.ಗೆ! ಹಾಗಾಗಿ ಮೊದಲು ಛಾವಣಿಗೆ ಬಿಳಿ ಸುಣ್ಣ, ಕಿಟಕಿಗೆ ಪರದೆ, ಅಂಗಳಕ್ಕೆ ನೆರಳಿನ ಮರ. ಆಮೇಲೂ ಅಗತ್ಯವಿದ್ದರೆ ಎ.ಸಿ.

ನೀವೇ ಮಾಡಿ ನೋಡಿ

ಒಂದು ಸ್ಟೀಲ್ ಲೋಟಕ್ಕೆ ಮಂಜುಗಡ್ಡೆ ಅಥವಾ ತುಂಬಾ ತಣ್ಣಗಿರುವ ನೀರು ಹಾಕಿ. ಲೋಟದ ಹೊರಮೈಯನ್ನು ಒರೆಸಿ ಹತ್ತು ನಿಮಿಷ ಬಿಡಿ. ಹೊರಗೆ ಮೂಡಿದ ಹನಿಗಳು ಎಲ್ಲಿಂದ ಬಂದವು? ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಮಾಡಿ ಹೋಲಿಸಿ. ಬಳಿಕ ನಿಮ್ಮ ಮನೆಯ ವಿದ್ಯುತ್ ಬಿಲ್ಲನ್ನು ನೋಡಿ, ತಿಂಗಳಿಗೆ ಎಷ್ಟು ಯೂನಿಟ್ ಖರ್ಚಾಗಿದೆ ಎಂದು ಬರೆದುಕೊಳ್ಳಿ. ಅದಕ್ಕೆ 270 ಸೇರಿಸಿದರೆ ಎಷ್ಟಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ಮನೆಯವರಿಗೆ ತೋರಿಸಿ.