ಜೋಸೆಫ್ ಬ್ರಾಮಾ

ಜೋಸೆಫ್ ಬ್ರಾಮಾ (13 ಏಪ್ರಿಲ್ 1748 – 9 ಡಿಸೆಂಬರ್ 1814) ಇಂಗ್ಲೆಂಡಿನ ಯಂತ್ರಶಿಲ್ಪಿ, ಬೀಗ ತಯಾರಕ ಹಾಗೂ ಉಪಜ್ಞೆಕಾರ. ಕಳ್ಳಗೈಗೆ ಸುಲಭವಾಗಿ ಬಗ್ಗದ ಬೀಗ ಮತ್ತು ಹೈಡ್ರಾಲಿಕ್ ಪ್ರೆಸ್ (ದ್ರವಚಾಲಿತ ಒತ್ತುಯಂತ್ರ) ಈತನ ಹೆಸರನ್ನು ಉಳಿಸಿರುವ ಮುಖ್ಯ ಉಪಜ್ಞೆಗಳು. ಲಂಡನ್ನಿನ ಪಿಕಡಿಲಿ ಬೀದಿಯ ಅಂಗಡಿಯೊಂದರ ಕಿಟಕಿಯಲ್ಲಿ ತನ್ನ ಬೀಗವನ್ನು ತೂಗುಹಾಕಿ, ಅದನ್ನು ಕೀಲಿಕೈ ಇಲ್ಲದೆ ತೆರೆಯಬಲ್ಲವರಿಗೆ 200 ಗಿನಿಗಳ ಬಹುಮಾನವನ್ನು ಸಾರಿದ ವ್ಯಾಪಾರಿಯಾಗಿಯೂ ಈತ ಪ್ರಸಿದ್ಧ. ಸಣ್ಣ ಕಾರ್ಯಾಗಾರದ ಯಜಮಾನನೊಬ್ಬ ತನ್ನ ಸರಕಿಗೆ ತಕ್ಕ ಪ್ರಚಾರವನ್ನು ಆರಿಸಿಕೊಂಡ ಬಗೆಗೆ ಈ ಪ್ರಸಂಗವನ್ನು ಉದಾಹರಿಸುವುದುಂಟು.

ಬಾಲ್ಯ ಮತ್ತು ಲಂಡನ್ನಿಗೆ ಆಗಮನ

ಬ್ರಾಮಾ ಹುಟ್ಟಿದ್ದು ಯಾರ್ಕ್‌ಷೈರಿನ ಬಾರ್ನ್ಸ್ಲಿ ಪಟ್ಟಣದ ಬಳಿಯ ಸ್ಟೇನ್‌ಬರೋದಲ್ಲಿ. ತಂದೆ ಬೇಸಾಯಗಾರ. ಐವರು ಮಕ್ಕಳಲ್ಲಿ ಒಬ್ಬನಾದ ಈತನೂ ಹೊಲದ ಕೆಲಸಕ್ಕೇ ಇಳಿಯಬೇಕಾಗಿದ್ದಿತು. ಹರೆಯದಲ್ಲಿ ಕಾಲಿನ ಹರಡಿಗೆ ಆದ ಪೆಟ್ಟು ಈತನನ್ನು ಆ ದುಡಿಮೆಗೆ ಒಗ್ಗದವನನ್ನಾಗಿ ಮಾಡಿತು. ಊರಿನ ಬಡಗಿಯೊಬ್ಬನ ಬಳಿ ಶಿಷ್ಯವೃತ್ತಿ ಮುಗಿಸಿ, ಅನಂತರ ಲಂಡನ್ನಿಗೆ ಹೋಗಿ ಪೀಠೋಪಕರಣ ತಯಾರಿಕೆಯಲ್ಲಿ ತೊಡಗಿದ.

ಮೇಜು ಕಪಾಟುಗಳನ್ನು ಮಾಡುತ್ತಿದ್ದವನು ಯಂತ್ರಗಳತ್ತ ತಿರುಗಿದ್ದು ನೀರಿನ ಕಕ್ಕಸುಗಳ ಮೂಲಕ. ಸಿರಿವಂತರ ಮನೆಗಳಲ್ಲಿ ಅವನ್ನು ಕೂರಿಸುವ ಕೆಲಸ ಬಡಗಿಗಳ ಪಾಲಿಗೆ ಬರುತ್ತಿದ್ದಿತು. ಅಲೆಕ್ಸಾಂಡರ್ ಕಮ್ಮಿಂಗ್ 1775ರಲ್ಲಿ ಪೇಟೆಂಟ್ ಪಡೆದಿದ್ದ ಮಾದರಿಯ ಜಾರು ಕವಾಟ ಚಳಿಗಾಲದಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತಿದ್ದಿತು. ಅದರ ಬದಲು ತಿರುಗಣಿಯ ಮೇಲೆ ಆಡುವ ಮುಚ್ಚಳವನ್ನು ಅಳವಡಿಸಿದ ಮಾದರಿಗೆ ಬ್ರಾಮಾ 1778ರಲ್ಲಿ ಪೇಟೆಂಟ್ ಪಡೆದ. ಈ ಸುಧಾರಣೆಯ ಮೂಲ ಆಲೋಚನೆ ಅವನ ಯಜಮಾನನದೆಂದು ಹೇಳಲಾಗಿದೆ. ಪೇಟೆಂಟು ಮಾತ್ರ ಬ್ರಾಮಾನ ಹೆಸರಿನಲ್ಲಿದೆ. ಮಾದರಿ ಚೆನ್ನಾಗಿ ಮಾರಾಟವಾಯಿತು, ಮುಂದಿನ ಶತಮಾನದಲ್ಲಿಯೂ ಅದರ ತಯಾರಿಕೆ ನಡೆಯಿತು. 1783ರಲ್ಲಿ ಈತ ತನ್ನ ಊರಿನ ಕಡೆಯವಳೇ ಆದ ಮೇರಿ ಲಾಟನ್‌ಳನ್ನು ಮದುವೆಯಾಗಿ ಲಂಡನ್ನಿನಲ್ಲಿ ನೆಲೆನಿಂತ. ದಂಪತಿಗಳಿಗೆ ನಾಲ್ವರು ಗಂಡುಮಕ್ಕಳು, ಒಬ್ಬ ಮಗಳು.

ಬ್ರಾಮಾ ಬೀಗ

ಆಗಿನ ಬೀಗಗಳಲ್ಲಿ ಹೆಚ್ಚಿನವು ಒಳಗಡೆ ಅಡ್ಡಗಟ್ಟುಗಳನ್ನು ಕೂರಿಸಿದ ಹಳೆಯ ಬಗೆಯವು. ಕೀಲಿಕೈಯ ತಲೆಯಲ್ಲಿ ಆ ಅಡ್ಡಗಟ್ಟುಗಳಿಗೆ ಹೊಂದುವಂತೆ ಕಚ್ಚುಗಳಿರುತ್ತಿದ್ದವು. ಅಡ್ಡಗಟ್ಟುಗಳನ್ನೆಲ್ಲ ತಪ್ಪಿಸಿಕೊಂಡು ಹೋಗುವಂತೆ ತೆಳುವಾಗಿ ತೇಯ್ದ ಒಂದೇ ಕೈ ಹಲವು ಬೀಗಗಳನ್ನು ತೆರೆದುಬಿಡುತ್ತಿದ್ದುದರಿಂದ ಇವುಗಳ ರಕ್ಷಣೆ ಹೆಸರಿಗಷ್ಟೇ ಆಗಿದ್ದಿತು. ರಾಬರ್ಟ್ ಬ್ಯಾರನ್ 1778ರಲ್ಲಿ ತಂದ ಸನ್ನೆ ಬೀಗ ಇದಕ್ಕಿಂತ ಮೇಲಾದದ್ದು. ಸಂಘಟಿತ ಪೋಲೀಸ್ ಪಡೆ ಲಂಡನ್ನಿಗೆ ಬಂದದ್ದು 1829ರಲ್ಲಿ. ಅಲ್ಲಿಯವರೆಗೆ ಮನೆಯವರ ಭರವಸೆ ಬಹುಮಟ್ಟಿಗೆ ಬಾಗಿಲು ಮತ್ತು ಬೀಗದ ಮೇಲೆಯೇ ನಿಂತಿದ್ದಿತು ಎಂಬುದನ್ನು ಇಲ್ಲಿ ನೆನೆಯಬೇಕು.

1784ರಲ್ಲಿ ಬ್ರಾಮಾ ಪೇಟೆಂಟ್ ಪಡೆದ ಬೀಗದ ರಚನೆ ಇವೆರಡಕ್ಕಿಂತಲೂ ಬೇರೆ. ಇದರ ಕೀಲಿಕೈ ಒಂದು ಸಣ್ಣ ಕೊಳವೆ. ಅದರ ಅಂಚಿನಲ್ಲಿ ಬೇರೆ ಬೇರೆ ಆಳದ ಸೀಳುಗಳಿರುತ್ತವೆ. ಬೀಗದೊಳಗಿನ ಉರುಳೆಯ ಸುತ್ತ ತೆಳುವಾದ ಜಾರುಪಟ್ಟಿಗಳಿದ್ದು, ಸ್ಪ್ರಿಂಗ್ ಅವನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಕೈಯನ್ನು ಒತ್ತಿದಾಗ ಪ್ರತಿಯೊಂದು ಪಟ್ಟಿಯೂ ತನ್ನ ಸೀಳಿನ ಆಳಕ್ಕೆ ತಕ್ಕಷ್ಟೇ ಒಳಸರಿಯುತ್ತದೆ. ಎಲ್ಲ ಪಟ್ಟಿಗಳ ಕಚ್ಚುಗಳೂ ಒಂದೇ ಮಟ್ಟದಲ್ಲಿ ಬಂದು ನಿಂತರೆ ಮಾತ್ರ ಉರುಳೆ ತಿರುಗುತ್ತದೆ. ಒಂದು ಪಟ್ಟಿ ಕೂದಲೆಳೆಯಷ್ಟು ಹೆಚ್ಚು ಅಥವಾ ಕಡಮೆ ಸರಿದರೂ ಬೀಗ ತೆರೆಯದು. ತನ್ನ ಬೀಗದ ತತ್ತ್ವವನ್ನು ವಿವರಿಸಿ, ಚಾಲ್ತಿಯಲ್ಲಿದ್ದ ಬೀಗಗಳ ದೋಷಗಳನ್ನು ತೋರಿಸುವ ಪ್ರಬಂಧವೊಂದನ್ನೂ ಬ್ರಾಮಾ ಪ್ರಕಟಿಸಿದ. ಅದು ಶಾಸ್ತ್ರಗ್ರಂಥದಂತೆ ತೋರಿದರೂ ಗಿರಾಕಿಗಳನ್ನು ಒಲಿಸಿಕೊಳ್ಳುವ ಉದ್ದೇಶವೂ ಅದಕ್ಕಿದ್ದಿತು.

ಇಷ್ಟು ಸೂಕ್ಷ್ಮವಾದ ವಸ್ತುವನ್ನು ಬರಿಗೈಯಿಂದ ಮಾಡುವುದು ದುಬಾರಿ. ವುಲ್ವರ್‌ಹ್ಯಾಂಪ್ಟನ್, ವಿಲನ್‌ಹಾಲ್ ಊರುಗಳ ಗುಡಿಕೈಗಾರಿಕೆಯ ಬೀಗಗಳೊಡನೆ ಬೆಲೆಯಲ್ಲಿ ಸ್ಪರ್ಧಿಸುವಂತಿರಲಿಲ್ಲ. 1789ರಲ್ಲಿ ಬ್ರಾಮಾ ವುಲಿಜ್ ಶಸ್ತ್ರಾಗಾರದಲ್ಲಿ ದುಡಿಯುತ್ತಿದ್ದ ಹೆನ್ರಿ ಮಾಡ್ಸ್ಲೆಯನ್ನು ಕೆಲಸಕ್ಕೆ ಕರೆಸಿಕೊಂಡ. ಆಗ ಮಾಡ್ಸ್ಲೆಗೆ 18 ವರ್ಷ. ಇಷ್ಟು ಎಳೆಯವನು ಹಿರಿಯ ಕೆಲಸಗಾರರ ನಡುವೆ ನಿಲ್ಲುವನೇ ಎಂಬ ಅನುಮಾನ ಬಂದು, ಸವೆದುಹೋದ ಹಳೆಯ ಹಿಡಿಗತ್ತರಿಯೊಂದನ್ನು ಸಂಜೆಯೊಳಗೆ ದುರಸ್ತಿ ಮಾಡಿಕೊಡುವ ಪರೀಕ್ಷೆಯನ್ನು ಅವನಿಗೆ ಒಡ್ಡಲಾಯಿತೆಂಬ ಕಥೆಯನ್ನು ಸ್ಯಾಮ್ಯುಯೆಲ್ ಸ್ಮೈಲ್ಸ್ ದಾಖಲಿಸಿದ್ದಾನೆ. ಬೀಗದ ಭಾಗಗಳನ್ನು ಕೊರೆಯಲು, ಸ್ಪ್ರಿಂಗುಗಳನ್ನು ಸುತ್ತಲು ಮಾಡ್ಸ್ಲೆ ರೂಪಿಸಿದ ಯಂತ್ರಗಳು ಇಂದಿನ ಯಂತ್ರೋಪಕರಣಗಳ ಪೂರ್ವಜರೆನಿಸಿವೆ. ವಾರಕ್ಕೆ 30 ಷಿಲಿಂಗ್ ಸಂಬಳ ಪಡೆಯುತ್ತಿದ್ದ ಅವನು ಹೆಚ್ಚಳ ಕೇಳಿದಾಗ ಬ್ರಾಮಾ ಒಪ್ಪಲಿಲ್ಲ. 1797ರಲ್ಲಿ ಮಾಡ್ಸ್ಲೆ ಬೇರೆಯಾಗಿ ಸ್ವಂತ ಕಾರ್ಯಾಗಾರ ತೆರೆದ. ಬ್ರಾಮಾನ ವ್ಯವಹಾರಜ್ಞಾನ ತೀರ ಸೋತದ್ದು ಇಲ್ಲಿಯೇ ಎನ್ನಬೇಕು.

ಕಿಟಕಿಯ ಸವಾಲು

ಬೀಗದ ವ್ಯಾಪಾರಕ್ಕೆ ಒಂದು ವಿಚಿತ್ರ ತೊಡಕಿದೆ. ಬಟ್ಟೆಯನ್ನು ಮುಟ್ಟಿ ನೋಡಬಹುದು, ಧಾನ್ಯವನ್ನು ಅಂಗೈಯಲ್ಲಿ ಹಿಡಿದು ಪರೀಕ್ಷಿಸಬಹುದು. ಬೀಗದ ಗುಣ ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಹೊರಗಿನ ಹಿತ್ತಾಳೆ ಒಂದೇ. ಕೊಂಡವನಿಗೆ ನಿಜ ತಿಳಿಯುವುದು ಕಳ್ಳ ಬಂದುಹೋದ ಮೇಲೆ. ಆದುದರಿಂದ ತನ್ನದು ಭದ್ರವಾದ ಬೀಗವೆಂಬ ಮಾತನ್ನು ಯಾವ ಬೀಗ ತಯಾರಕನಾದರೂ ಅಚ್ಚುಹಾಕಿಸಬಹುದಾಗಿದ್ದಿತು. ಓದಿದವನಿಗೆ ಇಬ್ಬರ ಮಾತಿನ ನಡುವೆ ಆಯ್ಕೆ ಮಾಡಲು ಆಧಾರವಿರಲಿಲ್ಲ.

ಪತ್ರಿಕಾ ಜಾಹೀರಾತು ಅಗ್ಗವೂ ಆಗಿರಲಿಲ್ಲ. ಬ್ರಿಟನ್ನಿನಲ್ಲಿ 1712ರಿಂದಲೂ ಜಾಹೀರಾತಿನ ಮೇಲೆ ಸರ್ಕಾರಿ ಸುಂಕವಿದ್ದು, 1789ರಲ್ಲಿ ಅದು 3 ಷಿಲಿಂಗಿಗೆ ಏರಿತು. ಎರಡು ಸಾಲಿನ ಪ್ರಕಟಣೆಗೂ ಪುಟ ತುಂಬುವ ಪ್ರಕಟಣೆಗೂ ಇದೇ ದರ, ಪ್ರತಿ ಸಲ ಅಚ್ಚಾದಾಗಲೂ ಮತ್ತೆ ತೆರಬೇಕು. ಮಾಡ್ಸ್ಲೆಯಂತಹ ನುರಿತ ಕೆಲಸಗಾರನ ವಾರದ ಸಂಬಳದ ಹತ್ತನೆಯ ಒಂದು ಭಾಗ ಬರಿಯ ಸುಂಕಕ್ಕೇ ಹೋಗುತ್ತಿದ್ದಿತು. ಪತ್ರಿಕೆಯವರ ದರ ಬೇರೆ. ಈ ಸುಂಕ ರದ್ದಾದದ್ದು 1853ರಲ್ಲಿ.

ಪಿಕಡಿಲಿಯ 124ನೆಯ ಸಂಖ್ಯೆಯ ಅಂಗಡಿಯ ಕಿಟಕಿಯಲ್ಲಿ ಬ್ರಾಮಾ ಇರಿಸಿದ ಸವಾಲಿನ ಬೀಗಕ್ಕೆ ಇಂತಹ ವೆಚ್ಚವಿರಲಿಲ್ಲ. 1790ರ ಸುಮಾರಿಗೆ ಸಿದ್ಧವಾದ ಈ ಬೀಗದಲ್ಲಿ 18 ಜಾರುಪಟ್ಟಿಗಳಿದ್ದವು. ಅವುಗಳಿಂದ ಸಾಧ್ಯವಾಗುವ ಜೋಡಣೆಗಳ ಸಂಖ್ಯೆ ಸುಮಾರು 47 ಕೋಟಿ. ಇದನ್ನು ಮಾಡ್ಸ್ಲೆ ತಯಾರಿಸಿದನೆಂದು ಹೇಳಲಾಗುತ್ತದೆ. ಬೀಗವನ್ನು ಕೂರಿಸಿದ್ದ ಫಲಕದ ಮೇಲೆ, ಅದನ್ನು ತೆರೆಯುವ ಉಪಕರಣವನ್ನು ಮಾಡಿ ತಂದವರಿಗೆ ಆ ಕ್ಷಣವೇ 200 ಗಿನಿ ಸಲ್ಲುತ್ತದೆಂಬ ಒಕ್ಕಣೆಯಿದ್ದಿತು. ಪಿಕಡಿಲಿ ಲಂಡನ್ನಿನ ಶ್ರೀಮಂತರು ಓಡಾಡುತ್ತಿದ್ದ ಬೀದಿ. ಕಾಪಾಡಬೇಕಾದ ಬೆಳ್ಳಿ ಬಂಗಾರ, ಕಾಗದಪತ್ರಗಳು ಯಾರ ಬಳಿ ಇದ್ದವೋ ಅಂತಹವರೇ ಆ ಕಿಟಕಿಯ ಮುಂದೆ ದಿನವೂ ಹಾದುಹೋಗುತ್ತಿದ್ದರು. ದುಬಾರಿ ಬೀಗ ಮಾರುವವನಿಗೆ ಊರಿಗೆಲ್ಲ ಸುದ್ದಿ ಮುಟ್ಟಿಸುವ ಅಗತ್ಯವಿರಲಿಲ್ಲ.

ಒಂದು ಗಿನಿಗೆ 21 ಷಿಲಿಂಗ್‌ನಂತೆ 200 ಗಿನಿ ಎಂದರೆ 210 ಪೌಂಡ್. ಮಾಡ್ಸ್ಲೆಯ ಸಂಬಳದ ಲೆಕ್ಕದಲ್ಲಿ ಇದು 140 ವಾರಗಳ ದುಡಿಮೆ. ಬೀಗ ಸೋತರೆ ಸಣ್ಣ ವ್ಯಾಪಾರವನ್ನು ಅಲುಗಿಸಬಲ್ಲ ಮೊತ್ತ. ಬೀಗ ಗೆಲ್ಲುತ್ತಿರುವಷ್ಟು ಕಾಲ ಒಂದು ಕಾಸೂ ಖರ್ಚಿಲ್ಲ. ಹಣಕ್ಕಿಂತ ದೊಡ್ಡ ಅಪಾಯ ಬೇರೆಯಿದ್ದಿತು. ಸೋಲೂ ಗೆಲುವಿನಷ್ಟೇ ಬಹಿರಂಗವಾಗಿ ಆಗುವುದು ಖಚಿತ. ತನ್ನ ಸರಕಿನ ಬಗೆಗೆ ಪೂರ್ಣ ನಂಬಿಕೆಯಿಲ್ಲದ ವ್ಯಾಪಾರಿ ಇಂತಹ ಫಲಕವನ್ನು ತೂಗುಹಾಕಲಾರ ಎಂಬುದನ್ನು ದಾರಿಹೋಕರೂ ಊಹಿಸಬಲ್ಲವರಾಗಿದ್ದರು. ಫಲಕದ ಬಲವಿದ್ದುದೇ ಅಲ್ಲಿ.

14 ವರ್ಷಗಳ ಪೇಟೆಂಟ್ ಅವಧಿ 1798ರಲ್ಲಿ ಮುಗಿಯಿತು. ಬ್ರಾಮಾ ಅದೇ ವರ್ಷ ಬೀಗಕ್ಕೆ ಸಂಬಂಧಿಸಿದ ಮತ್ತೊಂದು ಪೇಟೆಂಟ್ ಪಡೆದ.

ಇತರ ಉಪಜ್ಞೆಗಳು

1778ರಿಂದ 1812ರ ವರೆಗೆ ಬ್ರಾಮಾ 18 ಪೇಟೆಂಟುಗಳನ್ನು ಪಡೆದ. ಇವುಗಳಲ್ಲಿ ಹಿರಿದಾದದ್ದು 1795ರ ಹೈಡ್ರಾಲಿಕ್ ಪ್ರೆಸ್. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ ಪ್ಯಾಸ್ಕಲನ ತತ್ತ್ವ ಇದರ ಬುನಾದಿ. ಸಣ್ಣ ಕೊಳವೆಯ ಮೇಲೆ ಹಾಕಿದ ಅಲ್ಪಬಲ ದೊಡ್ಡ ಕೊಳವೆಯಲ್ಲಿ ಹಲವು ಪಟ್ಟು ಹೆಚ್ಚಿ ಹೊಮ್ಮುತ್ತದೆ. ಕೊಂತದ ಸುತ್ತ ನೀರು ಸೋರದಂತೆ, ಒತ್ತಡ ಹೆಚ್ಚಿದಷ್ಟೂ ತಾನೇ ಬಿಗಿಯುವ ಚರ್ಮದ ಬಟ್ಟಲನ್ನು ಕೂರಿಸಿದವನು ಮಾಡ್ಸ್ಲೆ ಎಂದು ನಂಬಲಾಗಿದೆ. ಪಾನಗೃಹಗಳ ನೆಲಮಾಳಿಗೆಯಿಂದ ಬಿಯರನ್ನು ಮೇಲೆತ್ತುವ ಪಂಪು, ಮರವನ್ನು ಹತ್ತರಿ ಹೊಡೆಯುವ ಯಂತ್ರ, ಗರಿಯನ್ನು ಕತ್ತರಿಸಿ ಹಲವು ಲೇಖನಿ ಮೊನೆಗಳನ್ನು ಮಾಡುವ ಸಾಧನ ಇತ್ಯಾದಿಗಳೂ ಈತನವೇ. 1806ರಲ್ಲಿ ರೂಪಿಸಿದ ಯಂತ್ರವೊಂದು ಬ್ಯಾಂಕ್ ಆಫ್ ಇಂಗ್ಲೆಂಡಿನ ನೋಟುಗಳ ಮೇಲೆ ಕ್ರಮಸಂಖ್ಯೆಯನ್ನು ಮುದ್ರಿಸುತ್ತಿದ್ದಿತು.

ಜೇಮ್ಸ್ ವ್ಯಾಟನ ಉಗಿಯಂತ್ರದ ಪೇಟೆಂಟಿನ ಬಗೆಗೆ ನಡೆದ ಮೊಕದ್ದಮೆಯಲ್ಲಿ ಬ್ರಾಮಾ ವ್ಯಾಟನ ವಿರುದ್ಧ ನಿಂತು, 1797ರಲ್ಲಿ ನ್ಯಾಯಾಧೀಶ ಸರ್ ಜೇಮ್ಸ್ ಐರ್‌ಗೆ ಬರೆದ ದೀರ್ಘ ಪತ್ರವನ್ನು ಪ್ರಕಟಿಸಿದ. ತನ್ನ ಪೇಟೆಂಟುಗಳಿಂದ ಬದುಕುತ್ತಿದ್ದವನೇ ಇನ್ನೊಬ್ಬನ ಪೇಟೆಂಟನ್ನು ಪ್ರಶ್ನಿಸಿದುದು ಸ್ವಾರಸ್ಯಕರ.

ಹ್ಯಾಂಪ್‌ಷೈರಿನ ಹೋಲ್ಟ್ ಅರಣ್ಯದಲ್ಲಿ ಹೈಡ್ರಾಲಿಕ್ ಪ್ರೆಸ್ಸಿನಿಂದ ಮರಗಳನ್ನು ಬುಡಸಹಿತ ಕೀಳಿಸುವ ಕೆಲಸದ ಮೇಲ್ವಿಚಾರಣೆಯಲ್ಲಿದ್ದಾಗ ಬ್ರಾಮಾನಿಗೆ ಶೀತ ತಗುಲಿ, ಅದು ನ್ಯುಮೋನಿಯಾಕ್ಕೆ ತಿರುಗಿತು. 1814ರ ಡಿಸೆಂಬರ್ 9ರಂದು ಲಂಡನ್ನಿನ ಪಿಮ್ಲಿಕೋದಲ್ಲಿ ನಿಧನನಾದ. ಪ್ಯಾಡಿಂಗ್ಟನ್ನಿನ ಸೇಂಟ್ ಮೇರಿ ಚರ್ಚಿನ ಆವರಣದಲ್ಲಿ ಸಮಾಧಿ ಮಾಡಲಾಯಿತು.

1851ರ ಪ್ರಸಂಗ

ಬ್ರಾಮಾ ತೀರಿಕೊಂಡ ಮೇಲೂ ಫಲಕ ಕಿಟಕಿಯಲ್ಲಿಯೇ ಉಳಿಯಿತು. ಉತ್ತರಾಧಿಕಾರಿಗಳು ಬಹುಮಾನವನ್ನಾಗಲಿ ಒಕ್ಕಣೆಯನ್ನಾಗಲಿ ಬದಲಿಸಲಿಲ್ಲ. 1851ರಲ್ಲಿ ಹೈಡ್ ಪಾರ್ಕಿನಲ್ಲಿ ಮಹಾ ವಸ್ತುಪ್ರದರ್ಶನ ನಡೆದಾಗ, ನ್ಯೂಯಾರ್ಕಿನ ಡೇ ಅಂಡ್ ನ್ಯೂಯೆಲ್ ಬೀಗ ಕಂಪನಿಯ ಪ್ರತಿನಿಧಿಯಾಗಿ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಲಂಡನ್ನಿಗೆ ಬಂದ. ತನ್ನ ಕಂಪನಿಯ ಬೀಗವನ್ನು ಹೊಗಳುವ ಬದಲು ಇಂಗ್ಲೆಂಡಿನ ಹೆಸರುವಾಸಿ ಬೀಗಗಳನ್ನು ತೆರೆದು ತೋರಿಸುವ ಹಾದಿಯನ್ನು ಅವನು ಹಿಡಿದ. ಮೊದಲು ಚಬ್ ಕಂಪನಿಯ ಬೀಗ 25 ನಿಮಿಷಗಳಲ್ಲಿ ತೆರೆಯಿತು. ಆಮೇಲೆ ಪಿಕಡಿಲಿಯ ಸವಾಲನ್ನು ಕೈಗೆತ್ತಿಕೊಂಡ.

ಪಂಚರ ಸಮಿತಿಯೊಂದು ನೇಮಕವಾಯಿತು. ಬೀಗಕ್ಕೆ ತನ್ನ ಸಲಕರಣೆಗಳನ್ನು ಬಿಗಿದು, ಒಂದೊಂದೇ ಜಾರುಪಟ್ಟಿಯ ಸ್ಥಾನವನ್ನು ಅಳೆದು ಗುರುತುಹಾಕಿಕೊಳ್ಳುತ್ತ ಹಾಬ್ಸ್ 16 ದಿನಗಳಲ್ಲಿ ಒಟ್ಟು 51 ಗಂಟೆಗಳ ಕಾಲ ದುಡಿದು ಬೀಗವನ್ನು ತೆರೆದ. ಬ್ರಾಮಾ ಕಂಪನಿಯವರು ತಕರಾರು ತೆಗೆದರು. ಬೀಗಕ್ಕೆ ಸಲಕರಣೆಗಳನ್ನು ಬಿಗಿದು ದಿನಗಟ್ಟಲೆ ಕೂರುವ ಅವಕಾಶ ಯಾವ ಕಳ್ಳನಿಗೂ ಸಿಗದೆಂಬುದು ಅವರ ವಾದ. ವಾದ ಸುಳ್ಳಲ್ಲ, ಆದರೆ ಫಲಕದಲ್ಲಿ ಕಾಲಮಿತಿಯ ಮಾತೇ ಇರಲಿಲ್ಲ. ಪಂಚರು ಹಾಬ್ಸ್‌ನ ಪರವಾಗಿ ತೀರ್ಪು ನೀಡಿದರು, 200 ಗಿನಿ ಸಂದಿತು. ಆರು ದಶಕಗಳ ಪ್ರಚಾರಕ್ಕೆ ತೆತ್ತ ಬೆಲೆಯೆಂದು ನೋಡಿದರೆ ವರ್ಷಕ್ಕೆ ಬಿದ್ದುದು ನಾಲ್ಕು ಪೌಂಡಿಗೂ ಕಡಮೆ. ಪತ್ರಿಕೆಗಳಲ್ಲಿ ಎದ್ದ ಗದ್ದಲದಿಂದ ಆದ ನಷ್ಟ ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಹಾಬ್ಸ್ ಈ ಖ್ಯಾತಿಯ ಬಲದಿಂದಲೇ ಲಂಡನ್ನಿನಲ್ಲಿ ಸ್ವಂತ ಬೀಗ ಕಂಪನಿಯನ್ನು ಆರಂಭಿಸಿದ. ಅವನು ತಂದಿದ್ದ ಅಮೆರಿಕದ ಬೀಗವನ್ನು ಮುಂದೆ ಲೈನಸ್ ಯೇಲ್ ಜೂನಿಯರ್ ತೆರೆದುಬಿಟ್ಟ.

ಬ್ರಾಮಾ ಹೆಸರಿನ ಬೀಗ ಕಂಪನಿ ಈ ಆಘಾತದಿಂದ ಮುಚ್ಚಿಹೋಗಲಿಲ್ಲ. ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಅದು ವ್ಯಾಪಾರ ನಡೆಸಿದೆ. ಬಾರ್ನ್ಸ್ಲಿಯ ಪಾನಗೃಹವೊಂದಕ್ಕೆ ಜೋಸೆಫ್ ಬ್ರಾಮಾನ ಹೆಸರಿಡಲಾಗಿದೆ. ಸವಾಲಿನ ಬೀಗ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ. ಪರಿಶೀಲಿಸಿದಾಗ ಹಾಬ್ಸ್‌ನ ಕಾಲದ ಅನಂತರ ಅದನ್ನು ಬಿಚ್ಚಿ ಮತ್ತೆ ಕಟ್ಟಿರುವುದು ಕಂಡುಬಂದಿದೆ: 18 ಕಬ್ಬಿಣದ ಪಟ್ಟಿಗಳು ಮತ್ತು ನಡುವಿನ ಒಂದೇ ಸ್ಪ್ರಿಂಗ್ ಇದ್ದ ಕಡೆ ಈಗ 13 ಉಕ್ಕಿನ ಪಟ್ಟಿಗಳಿದ್ದು, ಪ್ರತಿಯೊಂದಕ್ಕೂ ಪ್ರತ್ಯೇಕ ಸ್ಪ್ರಿಂಗ್ ಇದೆ.