ಡಿಸ್ಕ್ ಜಾರುತ್ತದೆಯೇ? ಡಾ. ಮಿಕ್ಸ್ಟರ್ ಬೆನ್ನು ತೆರೆದು ಕಂಡದ್ದು

ಬಸವಾಪಟ್ಟಣದ ಕಡೆ ಭತ್ತದ ಮೂಟೆ ಹೊರುವವರಿಗೋ ಅಡಿಕೆ ಗೊನೆ ಇಳಿಸುವವರಿಗೋ ಸೊಂಟ ಹಿಡಿದರೆ ಡಿಸ್ಕ್ ಜಾರಿದೆ ಎಂದುಬಿಡುತ್ತೇವೆ. ಜಾರಿದ್ದನ್ನು ಒತ್ತಿ ಕೂರಿಸಬಹುದು ಎಂಬ ನಂಬಿಕೆಯಿಂದ ಉಳುಕು ತೆಗೆಸುತ್ತೇವೆ, ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿಕೊಳ್ಳುತ್ತೇವೆ. ನಿಜದಲ್ಲಿ ಡಿಸ್ಕ್ ಜಾರುವುದಿಲ್ಲ. ವೈದ್ಯಲೋಕಕ್ಕೆ ಇದನ್ನು ಮನಗಾಣಿಸಿದವರು ಬಾಸ್ಟನ್ನಿನ ಶಸ್ತ್ರವೈದ್ಯ ವಿಲಿಯಂ ಜೇಸನ್ ಮಿಕ್ಸ್ಟರ್.

ಹುಟ್ಟಿದ್ದು 1880ರಲ್ಲಿ, ತಂದೆಯೂ ಶಸ್ತ್ರವೈದ್ಯರೇ. ಹಾರ್ವರ್ಡ್‌ನಲ್ಲಿ ಓದಿ, ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನರಶಸ್ತ್ರಚಿಕಿತ್ಸೆಗೆ ಹೆಸರಾದರು. ಆಗ ಸೊಂಟದಿಂದ ಕಾಲಿಗಿಳಿಯುವ ನೋವಿಗೆ ಹೆಚ್ಚಾಗಿ ಸೊಂಟದ ಕೆಳಗಿನ ಕೀಲನ್ನೇ ದೂರುತ್ತಿದ್ದರು. ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿದ್ದರೆ ಕೂಲಿಯವನ ನೋವನ್ನು ನಂಬುವವರೂ ಕಡಿಮೆ.

1932ರಲ್ಲಿ ಹಿಮದಲ್ಲಿ ಸ್ಕೀ ಮಾಡುವಾಗ ಪೆಟ್ಟಾದ ಯುವಕನೊಬ್ಬನನ್ನು ಮೂಳೆತಜ್ಞ ಜೋಸೆಫ್ ಬಾರ್ ಇವರ ಬಳಿಗೆ ಕಳಿಸಿದರು. ಬೆನ್ನುಹುರಿಯ ಕಾಲುವೆಯಲ್ಲಿ ಸಿಕ್ಕ ತುಣುಕನ್ನು ಮೃದ್ವಸ್ಥಿಯ ಗಡ್ಡೆ ಎಂದುಕೊಂಡು ಮಿಕ್ಸ್ಟರ್ ತೆಗೆದರು. ಬಾರ್ ಅವರಿಗೆ ಸಂಶಯ. ಸೂಕ್ಷ್ಮದರ್ಶಕದಲ್ಲಿ ಹೋಲಿಸಿ ನೋಡಿದರೆ ಅದು ಡಿಸ್ಕಿನದೇ ಚೂರು! ಆಸ್ಪತ್ರೆಯಲ್ಲಿ ಕೂಡಿಟ್ಟಿದ್ದ ಹಳೆಯ ಗಡ್ಡೆಗಳನ್ನು ಮತ್ತೆ ಪರೀಕ್ಷಿಸಿದಾಗ ಅವುಗಳಲ್ಲೂ ಹಲವು ಡಿಸ್ಕೇ. ಹೊರಗಿನ ಗಟ್ಟಿ ಉಂಗುರ ಬಿರಿದು, ಒಳಗಿನ ಮೆತ್ತನೆಯ ತಿರುಳು ಹೊರಚಿಮ್ಮಿ ನರವನ್ನು ಒತ್ತುತ್ತಿತ್ತು. 1934ರಲ್ಲಿ ಇಬ್ಬರೂ ಇದನ್ನು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದರು.

ಬಿರಿತ ಎಂದಮೇಲೆ ಅದು ಗಾಯ. ಕೆಲಸದಲ್ಲಾದ ಗಾಯಕ್ಕೆ ಪರಿಹಾರ ಕೇಳಬಹುದು. ಕಾರ್ಮಿಕರಿಗೆ ಇದರಿಂದ ಬಲ ಬಂತು. ಆದರೆ ಪ್ರತಿ ಸೊಂಟನೋವಿಗೂ ಡಿಸ್ಕನ್ನೇ ಹೊಣೆಮಾಡಿ ಕತ್ತಿ ಎತ್ತುವ ಕಾಲವೂ ಬಂತು, ಅದು ಅತಿಯಾಯಿತೆಂದೇ ನಮ್ಮ ಅನಿಸಿಕೆ. ಡಿಸ್ಕ್ ಸವೆಯುವುದರಲ್ಲಿ ಭಾರಕ್ಕಿಂತ ಅನುವಂಶೀಯತೆಯ ಪಾಲು ದೊಡ್ಡದೆಂದು ಫಿನ್ಲೆಂಡಿನ ಅವಳಿಗಳ ಅಧ್ಯಯನ ಮುಂದೆ ತೋರಿಸಿತು. ಹಾಗೆಂದು ಭಾರಕ್ಕೆ ಮಿತಿ ಬೇಡವೆಂದಲ್ಲ. ವಯಸ್ಕ ಗಂಡಸಿಗೆ 55 ಕೆ.ಜಿ. ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ.

ಮಿಕ್ಸ್ಟರ್ 1958ರಲ್ಲಿ ತೀರಿಕೊಂಡರು, ಎಂಆರ್‌ಐ ಬರುವ ಮುಂಚೆಯೇ. 1994ರ ಒಂದು ಅಧ್ಯಯನದಲ್ಲಿ ಬೆನ್ನುನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿದಾಗ 52% ಮಂದಿಯಲ್ಲಿ ಡಿಸ್ಕ್ ಉಬ್ಬಿತ್ತು. ಹಾಗಾಗಿ ಸ್ಕ್ಯಾನ್ ಒಂದನ್ನೇ ನೋಡಿ ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿ. ಮಲಗಿಸಿ ನೇರ ಕಾಲನ್ನು ಎತ್ತಿದಾಗ ಮೊಣಕಾಲಿನ ಕೆಳಗೂ ನೋವು ಹರಿಯುತ್ತದೆಯೇ, ಪಾದಕ್ಕೆ ಬಲವಿದೆಯೇ ಎಂದು ವೈದ್ಯರು ನೋಡಬೇಕು. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ನೋವು ತಗ್ಗುತ್ತದೆ. ಹೊರಬಂದ ತಿರುಳನ್ನು ದೇಹವೇ ಎಷ್ಟೋ ಬಾರಿ ಕರಗಿಸುತ್ತದೆ. ಮೂತ್ರದ ಹಿಡಿತ ತಪ್ಪಿದರೆ ಅಥವಾ ತೊಡೆಸಂದು ಜೋಮು ಹಿಡಿದರೆ ಮಾತ್ರ ಒಂದು ರಾತ್ರಿಯೂ ಕಾಯದೆ ದೊಡ್ಡಾಸ್ಪತ್ರೆಗೆ ಹೋಗಿ.